ಬತ್ತಿದ ಬೋರಿಗೆ ಬಿದ್ದ ಔಷಧಿ

ಮಾನ್ಯರೇ, ಗಣ್ಯರೇ, ಅಟ್ಟದಲ್ಲಿ ಹಳೆ ಕೀಟನಾಶಕ ಇಟ್ಟ ಧನ್ಯರೇ!

ಅದನ್ನೆಲ್ಲ ಸಂಗ್ರಹಿಸಿ ಒಯ್ಯುವ ಗಾಡಿ ಇವತ್ತು ನಮ್ಮೂರು ದೇವಸಮುದ್ರಕ್ಕೆ ಬಂದಿತ್ತು. ಪಕ್ಕದ ಹೊಲದ ತಿಪ್ಪೇಸ್ವಾಮಣ್ಣ ಮಾತ್ರ ಬರಿಗೈಯಲ್ಲಿ ನಿಂತಿದ್ದ.

"ನಿನ್ನ ಡಬ್ಬಿಗಳೆಲ್ಲಿ ಅಣ್ಣ?" ಎಂದೆ.

"ಹೋದ ಬ್ಯಾಸಿಗೇಲೇ ಬತ್ತಿದ ಬೋರಿಗೆ ಸುರಿದ್ಬಿಟ್ಟೆ ಕಣಲೇ. ಮನೇಲಿ ಮಕ್ಳು ಮುಟ್ಟಬಾರ್ದಲ್ಲ."

"ಬೋರಿಗಾ?"

"ಸತ್ತ ಬೋರಿಗೆ ವಿಷ ಏನ್ ಮಾಡ್ತೈತೆ?"

ಎಲ್ಲರೂ ನಕ್ಕರು. ಬತ್ತಿಹೋಗಿದ್ದ ನಮ್ಮ ಬೋರು ಅವನ ಬೋರಿನ ಪಕ್ಕದಲ್ಲೇ ಇದೆ; ಈ ಸಲದ ಮಳೆಗೆ ಅದಕ್ಕೆ ಮತ್ತೆ ನೀರು ಬಂದಿದೆ. ನೀರಿನ ತಾಯಿ ಗಂಗವ್ವ ತಿರುಗಿ ಬಂದಳೆಂದು ಅವ್ವ ದಿನವೂ ಆ ನೀರನ್ನೇ ಕುಡಿಯುತ್ತಾಳೆ.

ಮನೆಗೆ ಓಡಿ ಮೋಟರ್ ನಿಲ್ಲಿಸಿ, ಬಿಂದಿಗೆಯನ್ನು ಬಚ್ಚಲಿಗೆ ಸುರಿದೆ.

"ಯಾಕೋ ಚೆಲ್ತೀಯಾ? ಸಿಹಿನೀರು ಐತಲ್ಲೋ!" ಎಂದಳು ಅವ್ವ.

ತಮಾಷೆ ಸಾಕು ಸ್ನೇಹಿತರೇ. ನನಗೆ ಹೆದರಿಕೆಯಾಗಿದೆ, ಅವಳಿಗೆ ಇನ್ನೂ ಹೇಳಿಲ್ಲ.