ದಾರಿಯಲ್ಲಿ ಹಾರಿಹೋದ ರೆಕ್ಕೆಗಳು

ಬಫಲೋ ಪಟ್ಟಣದ ಪೂರ್ವದಂಚಿನ ನಮ್ಮ ಬೀದಿಯಲ್ಲಿ ಲೊರೇನ್ ಕ್ಯೂಬಿಯಾಕಳ ಬೈಗುಳ ತಿನ್ನದ ಪಿಜ್ಜಾ ಅಂಗಡಿಯಿಲ್ಲ. ಆಕೆ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಮಕ್ಕಳನ್ನು ಹತ್ತಿಸುವಾಗ ತಲೆ ಎಣಿಸಿ ಎಣಿಸಿ ಅದೇ ಚಾಳಿಯಾಗಿಬಿಟ್ಟಿತ್ತು. ಒಗೆದ ಕಾಲುಚೀಲ, ಚರ್ಚಿನಲ್ಲಿ ಮುಂದಿನ ಸಾಲಿನ ಜನ, ಯಾವುದನ್ನೂ ಬಿಡುತ್ತಿರಲಿಲ್ಲ. ಶುಕ್ರವಾರ ಸಂಜೆ ಬರುವ ಕೋಳಿ ರೆಕ್ಕೆಗಳನ್ನಂತೂ ಪೆಟ್ಟಿಗೆ ಮೇಜಿಗಿಟ್ಟ ಕೂಡಲೇ ಎಣಿಸುತ್ತಿದ್ದಳು.

ಶುಕ್ರವಾರ ನಮ್ಮಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ದೊಡ್ಡ ಪಿಜ್ಜಾ ಒಂದು, ಖಾರದ ರೆಕ್ಕೆ ಇಪ್ಪತ್ತು, ಜೊತೆಗೆ ಸೆಲರಿ ಸೊಪ್ಪಿನ ಹಸಿ ಕಡ್ಡಿ, ಅದ್ದಿಕೊಳ್ಳಲು ಬ್ಲೂ ಚೀಸ್. ಕ್ಯೂಬಿಯಾಕರ ಮನೆಯಲ್ಲಿ ಇದನ್ನು ತರುವ ಕೆಲಸ ಗಂಡ ನಾರ್ಬರ್ಟನದು. ಹಿಟ್ಟಿನ ಗಿರಣಿಯಲ್ಲಿ ದುಡಿದ ಆಳು, ಮಾತು ಕಡಿಮೆ. ಅವನು ತಂದ ಪೆಟ್ಟಿಗೆಯಲ್ಲಿ ರೆಕ್ಕೆ ಯಾವತ್ತೂ ಇಪ್ಪತ್ತು ಇದ್ದದ್ದಿಲ್ಲ. ಹದಿನೆಂಟು, ಹೆಚ್ಚಾಗಿ ಹದಿನೇಳು.

"ಮತ್ತೆ ಕೈ ಕೊಟ್ಟಿದಾನೆ ನೋಡು ಅಂಗಡಿಯವನು," ಎನ್ನುತ್ತಿದ್ದಳು ಲೊರೇನ್.

"ಏನ್ಮಾಡೋದು ಹೇಳು, ಕಾಲವೇ ಹಂಗಿದೆ," ಎಂದು ನಾರ್ಬರ್ಟ್ ಸೆಲರಿ ಕಡಿಯುತ್ತಿದ್ದ.

ಮೊದಲು ಸಿಕ್ಕಿಬಿದ್ದವನು ಮೂಲೆಯ ಅಂಗಡಿಯ ಕಾರ್ಮೈನ್. ಲೊರೇನ್ ಫೋನು ಹಚ್ಚಿ, "ಇಪ್ಪತ್ತರ ತನಕ ಎಣಿಸೋಕೆ ಬರಲ್ಲ ಅಂದ್ಮೇಲೆ ಅಂಗಡಿ ಯಾಕಯ್ಯಾ ಇಟ್ಟೆ?" ಎಂದಳು.

"ತಪ್ಪಾಯ್ತು ಲೊರೇನ್. ಮುಂದಿನ ವಾರ ನಾನೇ ನಿಂತು ಹಾಕಿಸ್ತೀನಿ," ಎಂದ ಅವನು.

ಮುಂದಿನ ವಾರವೂ ಅಷ್ಟೇ. ಅಲ್ಲಿಗೆ ಆ ಅಂಗಡಿಯ ಋಣ ಹರಿಯಿತು. ಆಮೇಲೆ ಚರ್ಚಿನಲ್ಲಿ ಅಕ್ಕಪಕ್ಕದವರಿಗೆ ಶಾಂತಿ ಕೋರುವ ಹೊತ್ತಿಗೆ ಕಾರ್ಮೈನ್ ಕೈ ಚಾಚಿದರೆ, ಲೊರೇನ್ ಅದನ್ನು ದಾಟಿ ಅವನ ಹಿಂದಿನವರ ಕೈ ಹಿಡಿಯುತ್ತಿದ್ದಳು. ನಂತರ ರೈಲು ಸೇತುವೆಯ ಪಕ್ಕದ ಅಂಗಡಿಯವನು ಕಳ್ಳನಾದ. ಸ್ಮಶಾನದ ಎದುರಿನವನು ಅವನಿಗಿಂತ ದೊಡ್ಡ ಕಳ್ಳನಾದ.

ಎದುರು ಮನೆಯವನಾದ ನಾನು ಒಮ್ಮೆ ಕೇಳಿಯೇಬಿಟ್ಟೆ: "ಅಲ್ಲ ಲೊರೇನ್, ಊರಿನವರೆಲ್ಲ ಮಾತಾಡ್ಕೊಂಡು ನಿಮಗೊಬ್ಬರಿಗೇ ಮೋಸ ಮಾಡ್ತಾರಾ?"

"ಮಾಡದೆ ಇರ್ತಾರಾ? ಅದ್ರಲ್ಲಿ ಅರ್ಧ ಜನ ನನ್ನ ಬಸ್ಸಲ್ಲಿ ಬೈಸ್ಕೊಂಡೇ ಬೆಳೆದವರು," ಎಂದಳು.

ಕಳೆದ ಚಳಿಗಾಲ ನಾರ್ಬರ್ಟನ ಮೊಣಕಾಲಿನ ಆಪರೇಷನ್ ಆಯಿತು. ಅದೇ ಹೊತ್ತಿಗೆ, ಮುಚ್ಚಿಹೋಗಿದ್ದ ಚಪ್ಪಲಿ ಅಂಗಡಿಯ ಜಾಗದಲ್ಲಿ ಹೊಸ ಪಿಜ್ಜಾ ಹೋಟೆಲು ತೆರೆಯಿತು. ಬೇರೆ ಗತಿಯಿರಲಿಲ್ಲ. ಅವಳೇ ಗಂಡನ ಕಾರು ಹತ್ತಿದಳು. ದಾರಿಯಲ್ಲಿ ಹಿಮ ಗಟ್ಟಿಯಾಗಿದೆ, ಜೊತೆಗಿರಲಿ ಎಂದು ನಾನೂ ಹೋದೆ.

ಗಲ್ಲಾದ ಹಿಂದಿದ್ದ ಹೆಂಗಸಿನ ಎದುರಿಗೇ ಲೊರೇನ್ ಪೆಟ್ಟಿಗೆ ತೆರೆದು ಬೆರಳು ಮಾಡಿ ಎಣಿಸಿದಳು. ಸರಿಯಾಗಿ ಇಪ್ಪತ್ತು. "ಅಂತೂ ಈ ಊರಿಗೆ ಒಬ್ಬಳು ನಿಯತ್ತಿನವಳು ಬಂದ್ಳು," ಎಂದು ನನಗೆ ಕೇಳುವಂತೆ, ಆ ಹೆಂಗಸಿಗೂ ಕೇಳುವಂತೆ ಹೇಳಿದಳು.

ವಾಪಸು ಬರುವಾಗ ರೈಲ್ವೆ ಗೇಟು ಬಿತ್ತು. ಗೂಡ್ಸ್ ರೈಲು ಮುಗಿಯುವ ಲಕ್ಷಣವೇ ಇರಲಿಲ್ಲ. ನನ್ನ ತೊಡೆಯ ಮೇಲೆ ಬಿಸಿ ಪೆಟ್ಟಿಗೆ. ಬೆಣ್ಣೆ, ವಿನೆಗರ್, ಖಾರ ಮೂರೂ ಬೆರೆತ ಘಮ ಕಾರಿನಲ್ಲಿ ತುಂಬಿ ಗಾಜೆಲ್ಲ ಮಂಜಾಯಿತು.

"ಮುಚ್ಚಳ ಸ್ವಲ್ಪ ತೆಗಿ. ಹಬೆ ಕೂತ್ರೆ ಮೆತ್ತಗಾಗ್ತವೆ," ಎಂದಳು ಲೊರೇನ್.

ತೆಗೆದೆ. ಇಬ್ಬರೂ ಸ್ವಲ್ಪ ಹೊತ್ತು ರೈಲನ್ನೇ ನೋಡಿದೆವು.

"ಹೊಸ ಹೋಟೆಲು. ರುಚಿ ಹೆಂಗಿದೆಯೋ ಏನೋ. ಒಂದು ನೋಡೇಬಿಡೋಣ," ಎಂದು ಒಂದನ್ನು ಎತ್ತಿಕೊಂಡಳು. ತೊಗಲು ಗರಿಗರಿ, ಒಳಗೆ ರಸ. ನನಗೂ ಒಂದು ಕೊಟ್ಟಳು. ರೈಲಿನ ಕೊನೆಯ ಡಬ್ಬಿ ದಾಟುವಷ್ಟರಲ್ಲಿ ಐದು ಮುಗಿದಿದ್ದವು, ಅದರಲ್ಲಿ ನನ್ನ ಪಾಲು ಎರಡು.

ಕೈ ಒರೆಸಿಕೊಳ್ಳಲು ಏನಾದರೂ ಸಿಗುತ್ತದೇನೋ ಎಂದು ಅವಳು ಬಾಗಿ ನನ್ನ ಮುಂದೆ ಡ್ಯಾಶ್‌ಬೋರ್ಡಿನಲ್ಲಿದ್ದ ಗೂಡಿನ ಬಾಗಿಲು ತೆರೆದಳು. ಒಳಗಿಂದ ಕಾಗದದ ಕರವಸ್ತ್ರಗಳು ದಬದಬನೆ ನನ್ನ ಕಾಲ ಮೇಲೆ ಸುರಿದವು. ಮೇಲೆಲ್ಲ ಅಂಗಡಿಗಳ ಹೆಸರು: ಕಾರ್ಮೈನನ ಅಂಗಡಿಯವು, ಸೇತುವೆಯವನವು, ಸ್ಮಶಾನದೆದುರಿನವನವು. ಅವಳು ಬೈದು ಬಿಟ್ಟ ಅಂಗಡಿಗಳೆಲ್ಲ ಅಲ್ಲಿದ್ದವು. ಗೇಟು ಎದ್ದಿತು. ಹಿಂದಿನ ಕಾರಿನವನು ಹಾರನ್ ಹೊಡೆದ. ಲೊರೇನ್ ಮಿಸುಕಲಿಲ್ಲ.

ಮನೆಯಲ್ಲಿ ನಾರ್ಬರ್ಟ್ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. ಪೆಟ್ಟಿಗೆಯಲ್ಲಿ ಇಣುಕಿ, "ಹದಿನೈದೇ ಇದೆಯಲ್ಲ. ಇವಳೂ ಅಂಥವಳೇನಾ?" ಎಂದ.

"ಅವಳು ಇಪ್ಪತ್ತು ಹಾಕಿದ್ಲು. ದಾರೀಲಿ ರೈಲು ಬಂತು."

ನಾರ್ಬರ್ಟ್ ಅವಳ ಮುಖ ನೋಡಿದ. ಅವಳು ಕೋಟಿನ ಜೇಬಿನಿಂದ ಕರವಸ್ತ್ರಗಳ ಕಟ್ಟನ್ನು ತೆಗೆದು ಅವನ ಹೊಟ್ಟೆಯ ಮೇಲಿಟ್ಟಳು.

"ನಿನಗೆ ಎಷ್ಟು ಸಲ ರೈಲು ಬರ್ತಿತ್ತು, ನಾರ್ಬರ್ಟ್?"

ಅವನು ಕರವಸ್ತ್ರಗಳನ್ನು ಒಂದೊಂದಾಗಿ ತಿರುವಿ, "ವಾರಾವಾರ ಬರ್ತಿತ್ತು," ಎಂದ.

ನಾನು ಮೆಲ್ಲಗೆ ಬಾಗಿಲು ಎಳೆದುಕೊಂಡು ಮನೆಗೆ ಬಂದೆ.

ಮುಂದಿನ ಶುಕ್ರವಾರ ಲೊರೇನ್ ಗಂಡನ ಕೈಗೆ ಊರುಗೋಲು ಕೊಟ್ಟು ಕಾರ್ಮೈನನ ಅಂಗಡಿಗೆ ಎಬ್ಬಿಸಿಕೊಂಡು ಹೋದಳು. ಸಾಕ್ಷಿಗೆ ನಾನೂ ಇರಬೇಕಂತೆ. ಬೆಚ್ಚಗಿನ ಅಂಗಡಿ, ತುಂಬಾ ಜನ. ಎಲ್ಲರ ಮುಂದೆ ನಾರ್ಬರ್ಟ್ ಟೋಪಿ ತೆಗೆದು, "ಕಾರ್ಮೈನ್, ಆ ರೆಕ್ಕೆಗಳನ್ನ ತಿಂತಿದ್ದವನು ನಾನು," ಎಂದ.

"ಗೊತ್ತಿತ್ತಪ್ಪಾ," ಎಂದ ಕಾರ್ಮೈನ್, ಹಿಟ್ಟು ತಟ್ಟುವುದನ್ನು ನಿಲ್ಲಿಸದೆ. "ಈ ಕಿಟಕಿಯಿಂದ ಕಾಣ್ತಿತ್ತಲ್ಲ. ನೀನು ಕಾರಿನ ದೀಪ ಹಾಕ್ಕೊಂಡು ತಿಂತಿದ್ದೆ. ನಿಮ್ಮನೇಲಿ ಜಗಳ ಬೇಡ ಅಂತ ನಾನು ಎರಡು ಜಾಸ್ತಿನೇ ಹಾಕಿಸ್ತಿದ್ದೆ. ಅವನ್ನೂ ತಿಂದುಬಿಡ್ತಿದ್ದೆ ನೀನು."

ಅಂಗಡಿಯೆಲ್ಲ ನಕ್ಕಿತು. ಲೊರೇನಳ ಮುಖ ಕೆಂಪಾಯಿತು. "ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ನೀನು ಹೊಟ್ಟೇಲಿ ಇಟ್ಕೊಳ್ಳೋದು ಸಿಟ್ಟು. ಇವನು ಇಟ್ಕೊಳ್ಳೋದು ರೆಕ್ಕೆ ಮಾತ್ರ. ಯಾರ ಮನೇನ ಯಾಕೆ ಕೆಡಿಸ್ಲಿ?" ಎಂದ ಕಾರ್ಮೈನ್.

ಅವಳಿಗೂ ನಗು ತಡೆಯಲಾಗಲಿಲ್ಲ.

ಉಳಿದ ಅಂಗಡಿಗಳಿಗೂ ಒಂದೊಂದು ವಾರ ಹೋಗಿ ತಪ್ಪೊಪ್ಪಿಗೆ ಮುಗಿಸಿದರು. ಸೇತುವೆಯ ಪಕ್ಕದವನಿಗೆ ಇನ್ನೂ ಸಿಟ್ಟಿದೆ, ಆದರೆ ರೆಕ್ಕೆ ಮಾರುತ್ತಾನೆ. ಈಗ ಗಂಡ ಹೆಂಡತಿ ಜೊತೆಯಾಗಿಯೇ ಹೋಗುತ್ತಾರೆ. ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಹೀಟರ್ ಹಾಕಿಕೊಂಡು, ರೆಕ್ಕೆಯ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಅಲ್ಲೇ ಮುಗಿಸುತ್ತಾರೆ. ಪಿಜ್ಜಾ ಮಾತ್ರ ಮನೆ ಸೇರುವಷ್ಟರಲ್ಲಿ ತಣ್ಣಗಾಗಿರುತ್ತದೆ.