ಬುದ್ಧನ ಮೈಮೇಲೆ ಬೂಟು

ಫ್ರಿಜ್ಜಿನ ಮೇಲಿನ ಗೂಡಿನಲ್ಲಿ ಮಂಜುಗಡ್ಡೆ ಕಟ್ಟಿ ಬಾಗಿಲೇ ಮುಚ್ಚದಂತಾಗಿತ್ತು. ಮೊನ್ನೆ ಮಧ್ಯಾಹ್ನ ಚಮಚದಿಂದ ಕೆರೆಯತೊಡಗಿದೆ. ಅಂಗೈಯಗಲದ ತುಂಡೊಂದು ಕಳಚಿ ಕೈಗೆ ಬಂತು. ಎಸೆಯಬೇಕಿತ್ತು, ಬೆರಳು ಜೋಮು ಹಿಡಿಯುವ ತನಕ ಹಿಡಿದುಕೊಂಡೇ ನಿಂತೆ. ನೀವು ನೋಡಿದ್ದರೆ ಈಕೆಗೆ ಬಿಸಿಲು ತಲೆಗೇರಿದೆ ಅನ್ನುತ್ತಿದ್ದಿರಿ. ಯಾದಗಿರಿಯ ಮೇ ತಿಂಗಳಲ್ಲಿ ಅದೂ ಪೂರ್ತಿ ಸುಳ್ಳಲ್ಲ. ಆದರೆ ನನಗೆ ನೆನಪಾದದ್ದು ಶಾಂತತ್ತಿ.

ಶಾಂತತ್ತಿ ನಮ್ಮಪ್ಪನ ತಂಗಿ. ಶಹಾಪುರದ ನಮ್ಮ ಮನೆಯಲ್ಲೇ ಇದ್ದು, ಸುರಪುರದ ಕಡೆ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿದ್ದಳು. ಕೊರಳಲ್ಲಿ ಸದಾ ಸೀಟಿ. ಹಾಲು ಉಕ್ಕಿದರೂ ಸೀಟಿ ಊದಿಯೇ ನಮ್ಮನ್ನು ಕರೆಯುವಳು. ಕಾಲುವೆ ನೀರು ಹೊಲಕ್ಕೆ ಹೊಸದಾಗಿ ಬಂದ ಕಾಲ ಅದು. ಜೋಳದ ನೆಲದಲ್ಲಿ ಭತ್ತ ನಿಂತಿತ್ತು, ಊರವರು ಬಾಯಿ ತೆರೆದರೆ ನೀರಿನ ಸರದಿಯದೇ ಮಾತು. ನಾನು ಪಿಯುಸಿ ಫೇಲಾಗಿ ಮನೆಯಲ್ಲಿದ್ದೆ, ಹಾಗಾಗಿ ಯಾವ ಕೆಲಸಕ್ಕೂ ಸಿಗುತ್ತಿದ್ದೆ. ಒಂದು ಸಂಜೆ ಅತ್ತಿ ಅಡುಗೆಮನೆಯ ನೆಲದ ಮೇಲೆ ನಕಾಶೆ ಹಾಸಿ, ಅದು ಸುರುಳಿಯಾಗದಂತೆ ಒಂದು ಮೂಲೆಗೆ ತವಾ ಇಟ್ಟು, ಇನ್ನೊಂದು ಮೂಲೆಗೆ ನನ್ನನ್ನು ಕೂರಿಸಿ, ತಾನು ಹಿಮಾಲಯದ ಶಿಖರವೊಂದನ್ನು ಹತ್ತಲು ಹೋಗುವುದಾಗಿ ಹೇಳಿದಳು. ಕೊನೆಯ ಹಳ್ಳಿ ಬಿಟ್ಟು ದಿನಗಟ್ಟಲೆ ನಡೆಯಬೇಕಂತೆ, ಆಮೇಲೆ ಬರೀ ಹಿಮದ ನದಿಯಂತೆ. ಹೆಣ್ಣುಮಕ್ಕಳದೇ ತಂಡ, ಪುಣೆಯ ಬಾಯಿಯೊಬ್ಬರು, ಅಂದರೆ ಮರಾಠಿ ಹೆಂಗಸೊಬ್ಬರು, ಮುಂದಾಳು. ಶಿಖರದ ಹೆಸರು ಇಂದಿಗೂ ನನ್ನ ನಾಲಿಗೆಗೆ ಒಗ್ಗಿಲ್ಲ; ಹೇಳಹೋಗಿ ನಿಮ್ಮೆದುರು ಮರ್ಯಾದೆ ಕಳೆದುಕೊಳ್ಳಲಾರೆ.

ಒಪ್ಪಿಗೆ ಕೊಡಬೇಕಾದವಳು ಆಯಿ, ಅಂದರೆ ಅತ್ತಿಯ ತಾಯಿ. ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ಅಲ್ಲಿ ಕುಡ್ಯಾಕ ನೀರು?"

"ಹಿಮ ಕಾಸಿ ಕುಡೀಬೇಕಬೇ."

"ಇಡೀ ಗುಡ್ಡನ ನೀರು ಅಂತಿ, ಮತ್ತ ಒಲಿನೂ ಹಚ್ಚಬೇಕು ಅಂತಿ! ಅದಕ್ಕಿಂತ ನಮ್ಮ ಕಾಲುವಿನ ಪಾಡ."

ಬೇಡ ಅನ್ನಲಿಲ್ಲವಲ್ಲ, ಅತ್ತಿ ಅದನ್ನೇ ಒಪ್ಪಿಗೆ ಎಂದು ಹಿಡಿದಳು.

ಶುರುವಾಯಿತು ತಾಲೀಮು. ಸೋಡಾ ಅಂಗಡಿಯಿಂದ ಹೊಟ್ಟಿನಲ್ಲಿ ಸುತ್ತಿದ ಮಂಜುಗಡ್ಡೆ ತಂದು, ಕರಗುವ ತನಕ ಕೈಯಲ್ಲಿ ಹಿಡಿಯಬೇಕು. ನಾನು ಹಿಡಿದದ್ದಕ್ಕಿಂತ ತಿಂದದ್ದೇ ಹೆಚ್ಚು. ಬೆಳಗಾದರೆ ಬೆಟ್ಟ. ನಮ್ಮ ಶಹಾಪುರದ ಬೆಟ್ಟ ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ನಮ್ಮದು ಬುದ್ಧನಿಗೆ ಕೈಮುಗಿಯುವ ಮನೆತನ. ಅತ್ತಿಯ ವರದಿಯೂ ಹಾಗೇ ಇರುತ್ತಿತ್ತು: "ಇವತ್ತು ಹೊಟ್ಟಿ ದಾಟೀವಿ, ನಾಳೆ ಗದ್ದಕ್ಕ ಹೋಗ್ತೀವಿ." ಬೆನ್ನಿನ ಚೀಲಕ್ಕೆ ಜೋಳ ತುಂಬಿಕೊಂಡು ಹತ್ತುವುದು. ಆದರೆ ಬುಡದಲ್ಲೇ ಚಪ್ಪಲಿ ಬಿಡಬೇಕು. ಮಲಗಿದವನ ಮೈಮೇಲೆ ಚಪ್ಪಲಿ ಮೆಟ್ಟಿ ಓಡಾಡುವುದು ಆಯಿಯ ರಾಜ್ಯದಲ್ಲಿ ನಡೆಯುವ ಮಾತಲ್ಲ. ಚಳಿಗಾಲವಿಡೀ ಬರಿಗಾಲಲ್ಲೇ ಹತ್ತಿದೆವು. ಅತ್ತಿಯ ಪಾದ ಹಲ್ಲಿಯ ಹಾಗೆ ಬಂಡೆಗೆ ಅಂಟುತ್ತಿತ್ತು. ನಾನು ಕೂತು ಜಾರುವುದರಲ್ಲಿ ಪಳಗಿದೆ. ಎರಡು ಸಲ್ವಾರ್ ಹರಿದ ಮೇಲೆ ಅತ್ತಿ ನನ್ನನ್ನು ಬುಡದಲ್ಲಿ ಕೂತು ನನ್ನ ಪಾಲಿನ ಜೋಳ ಕಾಯುವ ಕೆಲಸಕ್ಕೆ ಹಚ್ಚಿದಳು.

ಬೇಸಿಗೆಯ ಮೊದಲಿಗೆ ಪುಣೆಯಿಂದ ಬೂಟು ಬಂದವು. ಜೊತೆಗೊಂದು ಸುದ್ದಿಯೂ ಬಂತು: ಮುಂದಾಳು ಬಾಯಿ ಹದಿನೈದು ದಿನದಲ್ಲಿ ನಮ್ಮೂರಿಗೆ ಬರುತ್ತಾರೆ, ಬೂಟು ಹಾಕಿ, ಭಾರ ಹೊತ್ತು, ಇದೇ ಬೆಟ್ಟ ಹತ್ತಿ ತೋರಿಸಬೇಕು, ಆಗದಿದ್ದರೆ ತಂಡದಲ್ಲಿ ಜಾಗವಿಲ್ಲ. ಬೂಟಿನ ಚರ್ಮ ತಗಡಿನಷ್ಟು ಗಟ್ಟಿ. ಅತ್ತಿ ಹಾಕಿಕೊಂಡು ಕಾಲುವೆ ದಂಡೆಯ ಮೇಲೆ ಗತ್ತಿನಿಂದ ಹೊರಟವಳು ಸೇತುವೆ ಮುಟ್ಟುವ ಮೊದಲೇ ಕುಂಟತೊಡಗಿದಳು. ಹಿಮ್ಮಡಿಯಲ್ಲಿ ಬೊಬ್ಬೆ. ಬೊಬ್ಬೆ ಮಾಯುತ್ತದೆ, ಬೂಟೂ ಮೆತ್ತಗಾಗುತ್ತದೆ. ಆದರೆ ಬೂಟು ಹಾಕಿ ಬಂಡೆ ಹತ್ತುವುದನ್ನು ಬಂಡೆಯ ಮೇಲಲ್ಲದೆ ಕಲಿಯುವುದೆಲ್ಲಿ? ಬುದ್ಧನ ಮೈಮೇಲೆ ಬೂಟುಗಾಲಿಡುವ ಧೈರ್ಯ ಅತ್ತಿಗೂ ಇರಲಿಲ್ಲ. ದಂಡೆಯ ಮೇಲೆ ಕೂತು ಅತ್ತುಬಿಟ್ಟಳು.

"ಈ ಸಲ ಬಿಟ್ರ ನನ್ನ ಯಾರು ಕರಕೊಂಡು ಹೋಗ್ತಾರ? ಮುದುಕಿ ಆದ ಮ್ಯಾಲೆ ಹೋಗ್ಲೇನು?"

ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಬೂಟು ಹೊತ್ತುಕೊಂಡು ಮನೆಗೆ ಬಂದೆ.

ಆಯಿ ಹಿಮ್ಮಡಿಗೆ ಅರಿಶಿನ, ಎಣ್ಣೆ ಹಚ್ಚಿದಳು. ಬೊಬ್ಬೆ ಮಾದ ಮೇಲೆ ಒಂದು ಮುಂಜಾನೆ ನಮಗಿಂತ ಮೊದಲೇ ಬೆಟ್ಟದ ಬುಡಕ್ಕೆ ಹೋಗಿ, ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕೂತಿದ್ದಳು. ಬೆಟ್ಟದ ಕಡೆ ಮುಖ ಮಾಡಿ ಕೈಮುಗಿದಳು.

"ನನ್ನ ಮಗಳು ಬೂಟು ಹಾಕ್ಕೊಂಡು ಹತ್ತಾಕತ್ತಾಳಪ್ಪಾ. ಸಿಟ್ಟಾಗಬ್ಯಾಡ. ಬೈಯೋದಿದ್ರ ನನ್ನ ಬೈ, ನಾ ಇಲ್ಲೇ ಕುಂತೀನಿ." ಆಮೇಲೆ ಅತ್ತಿಯ ಕಡೆ ತಿರುಗಿ, "ಏನ್ ನೋಡ್ತಿ? ಹತ್ತು!" ಎಂದು ಗದರಿದಳು.

ಅಂದಿನಿಂದ ದಿನಾ ಅವಳು ಅಲ್ಲೇ ಕೂರುತ್ತಿದ್ದಳು, ಅತ್ತಿ ಇಳಿದ ಮೇಲೆಯೇ ಏಳುತ್ತಿದ್ದಳು. ಪರೀಕ್ಷೆಯ ದಿನ ಪುಣೆಯ ಬಾಯಿ ಈ ಅಜ್ಜಿ ಯಾರೆಂದು ಕೇಳಿದರು. "ನಮ್ಮ ಪರವಾನಗಿ ಆಫೀಸರ್ರಿ" ಅಂದೆ. ಅತ್ತಿ ಸರಸರನೆ ಹತ್ತಿ ಇಳಿದಳು. ಮುಂದಿನ ತಿಂಗಳು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದೆವು.

ಶಿಖರ ಅವಳಿಗೆ ಸಿಗಲಿಲ್ಲ. ತುದಿ ಕಣ್ಣೆದುರಿಗೆ ಕಾಣುವಾಗ ಹಿಮಗಾಳಿ ಎದ್ದು ತಂಡ ತಿರುಗಿ ಬಂತು. ಮರಳಿದ ದಿನ ಓಣಿಯವರದು ಒಂದೇ ಪ್ರಶ್ನೆ: "ತುದಿ ಮುಟ್ಟಿದ್ಯಾ?" ಅತ್ತಿ ತಲೆ ಎತ್ತಲಿಲ್ಲ. ಹಿಮ ಕಾಲ್ಬೆರಳು ತಿನ್ನುತ್ತದೆ ಎಂದು ಆಯಿಯ ಕಿವಿಗೆ ಯಾರೋ ಹಾಕಿದ್ದರು. ಅವಳು ಎಲ್ಲರನ್ನೂ ಸರಿಸಿ, ಮಗಳನ್ನು ಕೂರಿಸಿ, ಬಿಸಿನೀರಲ್ಲಿ ಕಾಲು ತೊಳೆದು, ಬೆರಳುಗಳನ್ನು ಒಂದೊಂದಾಗಿ ಹಿಡಿದು ಎಣಿಸಿದಳು.

"ಹತ್ತೂ ಅದಾವ" ಅಂದಳು. ಅಲ್ಲಿಗೆ ವಿಚಾರಣೆ ಮುಗಿಯಿತು. ಅತ್ತಿ ಅಳುತ್ತಲೇ ನಕ್ಕಳು.

ಆಯಿ ಈಗಿಲ್ಲ. ನನ್ನ ಮಗಳು ತಿಂಗಳಿಂದ ಹಿಮದ ಬೆಟ್ಟಕ್ಕೆ ಹೋಗುತ್ತೇನೆಂದು ಹಠ ಹಿಡಿದಿದ್ದಾಳೆ. ಕಿವಿಯಲ್ಲಿ ಊದಿದವಳು ಶಾಂತತ್ತಿ, ಅನುಮಾನವೇ ಇಲ್ಲ. ನಾನು ಹೆದರಿಕೆಯಿಂದ ಬೇಡ, ಬೇಡ ಅನ್ನುತ್ತಲೇ ಬಂದಿದ್ದೆ. ನಿನ್ನೆ ಬೆಳಗ್ಗೆ ಅವಳನ್ನು ಶಹಾಪುರಕ್ಕೆ ಕರೆದೊಯ್ದೆ. ಬೆಟ್ಟದ ಬುಡದಲ್ಲಿ ಅವಳು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದಳು. ನಾನೇ ಕಲಿಸಿದ ಪಾಠ.

"ಬಿಚ್ಚಬ್ಯಾಡ" ಅಂದೆ. "ಹಾಕ್ಕೊಂಡೇ ಹತ್ತು."

ಅವಳು ಬಗ್ಗಿದಲ್ಲೇ ನನ್ನ ಮುಖ ನೋಡಿದಳು. ಅರ್ಥವಾಗಿರಬೇಕು, ಎದ್ದವಳು ಹಿಂದೆ ನೋಡದೆ ಓಡಿದಳು. ನಾನು ನನ್ನ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕೂತೆ, ಕೈಮುಗಿದೆ.