ವಿಭೂತಿ ಧರಿಸಿದ ದಿಂಡಲ ಗಿಡಗಳು

ಗಜೇಂದ್ರಗಡದ ಗುಡ್ಡದ ಹಿಂದೆ ಈಗಷ್ಟೇ ಮೂಡಣ ಕೆಂಪಾಗುತ್ತಿದೆ. ನೀಲವ್ವ ಬೋಳು ದಿಂಡಲ ಮರವೊಂದರ ಮುಂದೆ ನಿಂತು ಹೆಬ್ಬೆರಳ ಉಗುರಿನಿಂದ ಟೊಂಗೆಯ ಸಿಪ್ಪೆ ಕೆರೆಯುತ್ತಾರೆ. ಒಳಗೆ ಹಸಿರು. ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು, ನೀರಲ್ಲಿ ತೇಯ್ದು, ಕಾಂಡಕ್ಕೆ ಮೂರು ಬೆರಳು ಎಳೆಯುತ್ತಾರೆ. ರಾತ್ರಿಯ ಗಾಳಿಗೆ ಅಳಿಸಿದ್ದು ಮತ್ತೆ ಬೆಳ್ಳಗಾಗುತ್ತದೆ. ಅದರ ಕೆಳಗೇ ಕೆಂಪು ಬಣ್ಣದ ಕತ್ತರಿ ಗುರುತು. ಸತ್ತ ಮರ, ಕಡಿಯಿರಿ ಎಂದು ಅದರ ಅರ್ಥ.

ಐವತ್ನಾಲ್ಕರ ನೀಲವ್ವ ಈ ಕುರುಚಲು ಕಾಡಿನ ದಿನಗೂಲಿ ಕಾವಲುಗಾರ್ತಿ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಒಂಬತ್ತು ಮೈಲಿ ನಡಿಗೆ. ಒಮ್ಮೆ ಹಾವು ಕಚ್ಚಿ ಹನ್ನೊಂದು ದಿನ ದವಾಖಾನೆಯಲ್ಲಿದ್ದದ್ದು ಬಿಟ್ಟರೆ ರಜೆ ಕಂಡವರಲ್ಲ. ಓದು ಬಾರದು. ಅವರ ಪಂಚಾಂಗ ಅತ್ತೆ ಅಡಿವೆವ್ವ ಬೀಸುವಾಗ ಹೇಳುತ್ತಿದ್ದ ಸಾಲುಗಳೇ: ‘ಚಳಿಗೆ ಬಾರಿಹಣ್ಣು, ಹಣ್ಣಿಗೆ ನರಿ, ಶಿವರಾತ್ರಿಗೆ ಮುತ್ತಲ, ಹೂವಿಗೆ ಗಿಳಿ, ಬಿಸಿಲಿಗೆ ಬರಿನೆಲ, ನೆಲಕ್ಕೆ ಟಿಟ್ಟಿಭನ ತತ್ತಿ, ಮೃಗಶಿರಾ ಮಳಿಗೆ ದಿಂಡಲ ಚಿಗುರು, ಚಿಗುರಿಗೆ ನವಿಲು.’

ಅರಣ್ಯ ಇಲಾಖೆಯಿಂದ ಮರಗಳ ಲೆಕ್ಕಕ್ಕೆ ಬಂದವರಿಗೆ ಈ ಸಾಲು ಗೊತ್ತಿರಲಿಲ್ಲ. ಅವರು ಬಂದದ್ದು ಕಡುಬೇಸಿಗೆಯಲ್ಲಿ. ಎಲೆ ಉದುರಿಸಿ ನಿಂತ ನೂರಾ ಹನ್ನೆರಡು ಮರಗಳನ್ನು ಸತ್ತಿವೆ ಎಂದು ಬರೆದುಕೊಂಡು, ಆ ಜಾಗದಲ್ಲಿ ಬೇಗ ಬೆಳೆಯುವ ಸಸಿ ನೆಡಲು ಗುಣಿ ತೋಡುವುದೆಂದು ಹೇಳಿ ಹೋದರು. ನೀಲವ್ವ ತಕರಾರು ಎತ್ತಿದಾಗ ಬರೆದು ಕೊಡಿ ಎಂದರಂತೆ.

“ಬರಿಯಾಕ ಬರಂಗಿಲ್ಲರಿ, ಕೆರದು ತೋರಸ್ತೀನಿ ಬರ್ರಿ ಅಂದೆ. ಯಾರೂ ಜೀಪಿನಿಂದ ಇಳೀಲಿಲ್ಲ,” ಎನ್ನುತ್ತಾರೆ.

ಇಳಿಯದಿದ್ದರೆ ಬೇಡ. ಮೂರು ದಿನ ಒಬ್ಬರೇ ನೂರಾ ಹನ್ನೆರಡನ್ನೂ ಕೆರೆದರು. ಹಸಿರು ಕಂಡದ್ದಕ್ಕೆಲ್ಲ ವಿಭೂತಿ. ಸೋಮವಾರ ಮರ ಕಡಿಯುವ ಮೈಲಾರಿ ನಾಲ್ಕು ಆಳುಗಳೊಂದಿಗೆ ಬಂದವನು ನೋಡಿ ನಕ್ಕ.

“ಗುಡ್ಡದಾಗ ಮಠಾ ತಗದೀಯೇನ ಯಕ್ಕಾ? ಗಿಡಕ್ಕೆಲ್ಲಾ ದೀಕ್ಷಾ ಕೊಟ್ಟಂಗ ಕಾಣತೈತಿ.”

ನೀಲವ್ವ ನಗಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಮೈಲಾರಿ ಅತ್ತಿತ್ತ ನೋಡಿದ. ಕೆಲವು ಮರಗಳ ಹಣೆ ಖಾಲಿ ಇತ್ತು. ಅವಕ್ಕೇಕೆ ಹಚ್ಚಿಲ್ಲ ಎಂದು ಕೇಳಿದ.

“ಆ ಒಂಬತ್ತು ಖರೇನ ಸತ್ತಾವೋ ತಮ್ಮಾ. ವಿಭೂತಿ ಹಿಡಕೊಂಡು ಸುಳ್ಳ ಹೇಳಬಾರದು.”

ಮೈಲಾರಿ ತಾನೇ ಹತ್ತಾರು ಮರ ಕೆರೆದ. ಆಮೇಲೆ ಒಂಬತ್ತನ್ನಷ್ಟೇ ಕಡಿದು, ಉಳಿದವಕ್ಕೆ ಕೊಡಲಿ ಇಡುವುದಿಲ್ಲ ಎಂದು ಕಚೇರಿಗೆ ಹೋಗಿ ಹೇಳಿದ. ಮೃಗಶಿರಾ ಮಳೆಯವರೆಗೆ ತಡೆ ಸಿಕ್ಕಿತು. ಚಿಗುರದವು ಆಗ ಉರುಳುತ್ತವೆ. ಕೆಲಸಕ್ಕೆ ಅಡ್ಡಿ ಮಾಡಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ನೀಲವ್ವನಿಗೆ ನೋಟಿಸು ಬಂತು. ಹೆಬ್ಬೆಟ್ಟು ಒತ್ತಿ ತೆಗೆದುಕೊಂಡರು. ಅದೇ ಹೆಬ್ಬೆರಳು, ಉಗುರಿನಲ್ಲಿ ಇನ್ನೂ ಹಸಿರು.

ಮಳೆಗೆ ಇನ್ನು ಹದಿನಾರು ದಿನ. ಕೆಲಸ ಉಳಿಸಿ ಎಂದು ಅವರು ಯಾರನ್ನೂ ಕೇಳಿಲ್ಲ. ಅವರ ಬೇಡಿಕೆ ಒಂದೇ.

“ಚಿಗುರು ಒಡದ ದಿನ ಆ ಪಟ್ಟಿ ಬರದ ಸಾಹೇಬ್ರು ನಡಕೋತ ಬರಲಿ. ಒಂದೊಂದು ಗಿಡದ ಮುಂದ ನಿಂತು, ಇದು ಸತ್ತೈತಿ ಅಂತ ಬಾಯಿಬಿಟ್ಟು ಹೇಳಲಿ. ನೂರಾ ಮೂರು ಸಲ. ನಾ ಬಾಜೂಕ ನಿಂತು ಕೇಳತೀನಿ.”